ಚಪ್ಪರಕ್ಕೆ ಶೃಂಗಾರ

ಅವಳಿಗೆ ತವರಿನಲ್ಲಿ ಪುಕ್ಕಲಿ ಎಂದೇ ಹೆಸರು. ಮದುವೆಯಾದ ಮೇಲೆ ಆ ಹೆಸರು ಸಾಮಾನಿನ ಜೊತೆ ಗಂಡನ ಮನೆಗೂ ಬಂದುಬಿಟ್ಟಿತು. ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ಅವಳು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ನಾಯಿ ಬೊಗಳಿದರೆ ರಸ್ತೆ ದಾಟುತ್ತಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಅವಳು ಮಾತ್ರ ಎಷ್ಟೇ ಎತ್ತರದ ಕಟ್ಟಡವಾದರೂ ಮೆಟ್ಟಿಲು ಹತ್ತಿಯೇ ಹೋಗುವವಳು. ಯಾಕೆಂದು ಯಾರಾದರೂ ಕೇಳಿದರೆ, ಇವರೇ ರಿಪೇರಿ ಮಾಡಿರುತ್ತಾರಲ್ಲ, ಅದಕ್ಕೇ ಭಯ ಎಂದು ಗಂಡನ ಕಾಲೆಳೆಯುತ್ತಿದ್ದಳು.

ಅವಳ ಕೈಗೆ ಮಾತ್ರ ಈ ಅಂಜಿಕೆ ಅಂಟಿರಲಿಲ್ಲ. ಪೇಟೆಯ ಬೇಕರಿಯೊಂದರಲ್ಲಿ ಕೇಕುಗಳ ಮೇಲೆ ಹೂವು, ಬಳ್ಳಿ, ಹೆಸರು ಬಿಡಿಸುವುದು ಅವಳ ಕೆಲಸ. ಬೋಳು ಜಾಗ ಕಂಡರೆ ಬೆರಳು ಸುಮ್ಮನಿರುತ್ತಿರಲಿಲ್ಲ. ಹಿತ್ತಲಿನ ಚಪ್ಪರ ಅವಳ ಕಣ್ಣಿಗೆ ಚುಚ್ಚತೊಡಗಿದ್ದು ಹಾಗೆ.

ಚಪ್ಪರ ಕಟ್ಟಿದವರು ಮಾವ. ದೊಡ್ಡ ದೊಡ್ಡ ಯಂತ್ರಗಳನ್ನು ತುಂಬಿ ಕಳಿಸುವ ಮರದ ಪೆಟ್ಟಿಗೆಗಳನ್ನು ಮಾಡುತ್ತ ಅವರ ಆಯಸ್ಸು ಕಳೆದಿತ್ತು. ಗರಗಸದ ಸದ್ದಿಗೆ ಕಿವಿ ಮಂದವಾಗಿ, ಈಗ ಕಿವಿಗೆ ಮಷೀನು ಸಿಕ್ಕಿಸಿಕೊಳ್ಳುತ್ತಿದ್ದರು. ಮನಸ್ಸು ಬಂದಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೊಮ್ಮಗಳು ಹುಟ್ಟಿದಾಗ, ಒಳಗೆ ಸೆಕೆ, ಮಗು ಗಾಳಿಯಲ್ಲಿ ಮಲಗಲಿ ಎಂದು ಹಳೆಯ ಮರ ತಂದು ನಾಲ್ಕು ಕಂಬ ನಿಲ್ಲಿಸಿ ತಗಡು ಹೊದಿಸಿದರು. ಕಂಬಗಳು ಚಪ್ಪಡಿ ಕಲ್ಲಿನ ಮೇಲೆ ನಿಂತಿದ್ದವು. ನೆಟ್ಟಗಿತ್ತು, ಗಟ್ಟಿಯಾಗಿತ್ತು, ನೋಡಲು ಮಾತ್ರ ಪೆಟ್ಟಿಗೆಯ ಹಾಗೇ ಇತ್ತು.

"ಅಪ್ಪ, ಇದು ಬಸ್ ಸ್ಟಾಪ್ ಥರ ಇದೆ. ಇನ್ನು ನಂಬರ್ ಬರೆಯೋದೊಂದು ಬಾಕಿ" ಎಂದಳು ನಾದಿನಿ. ಅವಳು ಫೋಟೋಗ್ರಾಫರ್, ಪುಟ್ಟ ಮಕ್ಕಳ ಫೋಟೋ ತೆಗೆಯುವುದರಲ್ಲಿ ಹೆಸರು ಮಾಡಿದವಳು. ಹಿತ್ತಲಿನಲ್ಲಿ ಒಂದು ಚೆಂದದ ಮೂಲೆ ಇದ್ದರೆ ಮಕ್ಕಳನ್ನು ಅಲ್ಲೇ ಕೂರಿಸಿ ತೆಗೆಯಬಹುದು ಎಂದು ಅತ್ತಿಗೆಯ ಕಿವಿ ತುಂಬಿದಳು. ಅತ್ತಿಗೆಗೆ ಅಷ್ಟೇ ಸಾಕಾಯಿತು.

ಇಬ್ಬರೂ ಸೇರಿ ರಜೆ ಸಿಕ್ಕಾಗಲೆಲ್ಲ ಚಪ್ಪರದ ಬೆನ್ನು ಹತ್ತಿದರು. ಕಂಬಗಳನ್ನು ಉಜ್ಜಿ ಜೇನಿನ ಬಣ್ಣದ ವಾರ್ನಿಷ್ ಬಳಿದರು. ಹಿಂಬದಿಗೆ ತೆಳುವಾದ ಪಟ್ಟಿಗಳ ಜಾಲರಿ ಹೊಡೆದು ಬಳ್ಳಿ ಹಬ್ಬಿಸಿದರು. ತಗಡು ಕಣ್ಣಿಗೆ ಹೊಡೆಯುತ್ತದೆ ಎಂದು ಅದನ್ನು ಇಳಿಸಿ, ಯಾರೋ ಕೆಡವಿದ ಮನೆಯ ಹಳೆಯ ಕೆಂಪು ಹೆಂಚು ತಂದು ಹೊದಿಸಿದರು. ಎಲ್ಲ ಮುಗಿದ ಮೇಲೂ ಅವಳಿಗೆ ಒಂದು ಕೊರತೆ ಉಳಿಯಿತು. ಕಂಬಗಳ ಬುಡ ಬೋಳಾಗಿತ್ತು. ಅವಕ್ಕೆ ಸುತ್ತಲೂ ಹಲಗೆಯ ಪೆಟ್ಟಿಗೆ ಕಟ್ಟಿ, ಮಣ್ಣು ತುಂಬಿ, ಹೂವಿನ ಗಿಡ ಇಟ್ಟರೆ ಕಂಬ ಹೂವಿನೊಳಗಿಂದಲೇ ಎದ್ದು ಬಂದ ಹಾಗೆ ಕಾಣುತ್ತದೆ ಎಂದಳು.

ಮಾವ ತಲೆ ಕೆರೆದುಕೊಂಡರು. ಮಣ್ಣು ತಾಗಿದರೆ ಮರ ಉಳಿಯುವುದಿಲ್ಲ ಎಂದರು. ಆಮೇಲೆ ಅವರೇ ಉಪಾಯ ಹುಡುಕಿದರು: ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರಾಯಿತು, ಮಣ್ಣು ಮಣ್ಣಿನ ಕಡೆ, ಮರ ಮರದ ಕಡೆ. ಪೆಟ್ಟಿಗೆ ಎಂದಮೇಲೆ ಅವರ ಕೈಯನ್ನು ಯಾರು ಹಿಡಿದಾರು? ನಾಲ್ಕೂ ಬುಡಕ್ಕೆ ಅಚ್ಚುಕಟ್ಟಾದ ಪೆಟ್ಟಿಗೆ ಮಾಡಿ ಕೂರಿಸಿದರು. ನೋಡಿದವರೆಲ್ಲ ಬಾಯಿತುಂಬ ಹೊಗಳಿದರು. ಎದುರುಮನೆಯ ನರ್ಸಮ್ಮ ತನ್ನ ಮನೆಗೂ ಒಂದು ಮಾಡಿಕೊಡಿ ಎಂದಾಗ ಮಾವ ಉಬ್ಬಿಹೋಗಿ, ಬಂದವರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋಗುವುದನ್ನೇ ಕೆಲಸ ಮಾಡಿಕೊಂಡರು. ನಾದಿನಿಯ ಫೋಟೋಗಳಲ್ಲಿ ಯಾರ್ಯಾರದೋ ಮಕ್ಕಳು ಆ ಹೂವುಗಳ ನಡುವೆ ನಕ್ಕವು.

ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಮಗು ನಡೆಯಲು ಕಲಿತಳು, ಓಡಲು ಕಲಿತಳು. ಗುಂಡಗೆ ಬೆಳ್ಳಗೆ ಇದ್ದದ್ದಕ್ಕೆ ಎಲ್ಲರೂ ಅವಳನ್ನು ಬೆಣ್ಣೆ ಎನ್ನುತ್ತಿದ್ದರು.

ಪುಕ್ಕಲಿಗೆ ಆ ಸದ್ದು ಮೊದಲು ಕೇಳಿದ್ದು ಗಿಡಗಳಿಗೆ ನೀರು ಹಾಕುವಾಗ. ಕಿರ್ ಎಂದು ಸಣ್ಣದಾಗಿ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ನೀರಿನ ಕ್ಯಾನು ಕೆಳಗಿಟ್ಟು ಕಿವಿಗೊಟ್ಟಳು. ಏನೂ ಇಲ್ಲ. ಮಾರನೆಯ ದಿನ ಮತ್ತೆ ಅದೇ ಮೂಲೆಯಲ್ಲಿ ಕೇಳಿಸಿತು.

ಗಂಡನಿಗೆ ಹೇಳಿದಳು. ಅವನು ಆ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಬಂಡೆಯ ಹಾಗಿದೆ ನೋಡು ಎಂದು ಒಳಗೆ ಹೋದ. ನಾದಿನಿ, ಮರ ಅಂದಮೇಲೆ ಆಗಾಗ ಮಾತಾಡುತ್ತದೆ ಅತ್ತಿಗೆ, ನೀವೂ ಮಾತಾಡಿಸಿ ಎಂದಳು. ಮಾವನಿಗೆ ಆ ಸದ್ದು ಕೇಳುವ ಮಾತೇ ಇರಲಿಲ್ಲ. ಮಷೀನು ಹಾಕಿಕೊಂಡು ಕಂಬಕ್ಕೆ ಕಿವಿ ಹಚ್ಚಿ ನಿಂತರು, ಗಾಳಿಯ ಗುಯ್‌ಗುಟ್ಟುವಿಕೆ ಬಿಟ್ಟು ಬೇರೇನೂ ಇಲ್ಲ ಎಂದರು. ಮೂವರೂ ನಕ್ಕ ಮೇಲೆ ಅವಳೂ ನಕ್ಕಳು. ತನ್ನ ಭಯದ ಬಗ್ಗೆ ಅವಳಿಗೇ ಅಷ್ಟು ನಂಬಿಕೆ ಇರಲಿಲ್ಲ. ಬದುಕಿಡೀ ಇಲ್ಲದ್ದಕ್ಕೆಲ್ಲ ಹೆದರಿದವಳು, ಇದೂ ಅಂಥದ್ದೇ ಇರಬೇಕು ಎಂದುಕೊಂಡಳು.

ಆದರೆ ಅಲ್ಲಿಂದ ಮುಂದೆ ಅವಳು ಚಪ್ಪರದ ಕೆಳಗೆ ಕೂರಲಿಲ್ಲ. ಬಟ್ಟೆ ಒಣಹಾಕಲು ಹೋದಾಗಲೂ ಸುತ್ತು ಬಳಸಿ ಹೋಗುತ್ತಿದ್ದಳು. ಒಂದು ದಿನ ಅಡುಗೆಮನೆಯ ಕಿಟಕಿಯಿಂದ ನೋಡುವಾಗ ಹೆಂಚಿನ ಕೊನೆಯ ಸಾಲಿಗೂ ಹಿಂದಿನ ಕಾಂಪೌಂಡ್ ಗೋಡೆಗೂ ಹೊಂದಿಕೆಯಾಗಲಿಲ್ಲ. ಕೇಕು ಒಂದು ಬದಿಗೆ ಕುಸಿಯುತ್ತಿದ್ದರೆ ಬೇರೆಯವರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಆ ಕಣ್ಣಿಗೆ. ಸಾಲು ಆ ಮೂಲೆಯ ಕಡೆಗೆ ಇಳಿದಿತ್ತು. ಗಂಡನನ್ನು ಕರೆದು ತೋರಿಸಿದರೆ, ಹೆಂಚು ಕೂರಿಸಿದ ದಿನದಿಂದಲೇ ಸೊಟ್ಟ, ಕೂರಿಸಿದ್ದು ನೀವಿಬ್ಬರೇ ಅಲ್ಲವೇ ಎಂದ. ಮಗುವನ್ನು ಅಲ್ಲಿ ಮಲಗಿಸಬೇಡಿ ಎಂದು ಮಾವನಿಗೆ ಹೇಳಿದಳು. ಅವರು ಹೂಂ ಎಂದರು.

ಅವಳ ವಾರದ ರಜೆಯ ಮಧ್ಯಾಹ್ನ. ಗಂಡ ಕೆಲಸಕ್ಕೆ ಹೋಗಿದ್ದ, ನಾದಿನಿ ಯಾರದೋ ಮನೆಗೆ ಫೋಟೋ ತೆಗೆಯಲು ಹೋಗಿದ್ದಳು. ಊಟದ ಪಾತ್ರೆಗಳನ್ನು ತೊಳೆದಿಟ್ಟು, ಈವತ್ತು ಆ ಮೂಲೆಯ ಮಣ್ಣು ತೆಗೆದು ನೋಡಿಯೇ ಬಿಡುವುದು, ಏನೂ ಇಲ್ಲದಿದ್ದರೆ ಮನಸ್ಸಿಗಾದರೂ ನೆಮ್ಮದಿ ಎಂದು ಗಟ್ಟಿಮಾಡಿಕೊಂಡಳು. ಚಿಕ್ಕ ಸಲಿಕೆ ಹಿಡಿದು ಹಿಂಬಾಗಿಲಿನಿಂದ ಹೊರಟು, ಬಟ್ಟೆಯ ಹಗ್ಗದ ಹಿಂದಿನಿಂದ ಬಂದು ಚಪ್ಪರದ ಹೊರಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಣಹಾಕಿದ ಬೆಡ್‌ಶೀಟು ಅಡ್ಡ ಇದ್ದದ್ದರಿಂದ ಚಪ್ಪರದ ಒಳಗೆ ಅವಳು ನೋಡಲೇ ಇಲ್ಲ; ಮಾವ, ಮಗು ಇಬ್ಬರೂ ಒಳಕೋಣೆಯಲ್ಲಿ ಮಲಗಿದ್ದಾರೆಂದೇ ತಿಳಿದಿದ್ದಳು.

ಗಿಡ ಕಿತ್ತು ಪಕ್ಕಕ್ಕಿಟ್ಟಳು. ಮಣ್ಣು ತೆಗೆದಷ್ಟೂ ಒದ್ದೆ, ಕೊಳೆತ ಎಲೆಯ ವಾಸನೆ. ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಅದು ಎಲ್ಲೋ ಹರಿದಿತ್ತು. ಹರಿದ ಕಡೆಯಿಂದ ಒಳಹೋದ ನೀರು ಹೊರಬರಲು ದಾರಿಯಿಲ್ಲದೆ ಕಂಬದ ಸುತ್ತ ಬಟ್ಟಲಿನಲ್ಲಿ ನಿಂತ ಹಾಗೆ ನಿಂತಿತ್ತು. ಹಾಳೆ ಎಳೆದಳು. ಮೇಲೆ ಜೇನಿನ ಬಣ್ಣದಲ್ಲಿ ಹೊಳೆಯುವ ಕಂಬ ಮಣ್ಣಿನ ಮಟ್ಟದ ಕೆಳಗೆ ಕಪ್ಪಗಿತ್ತು. ಬೆರಳಿಟ್ಟು ಒತ್ತಿದಳು. ಹಾಲಿನಲ್ಲಿ ನೆನೆದ ಬ್ರೆಡ್ಡಿನೊಳಗೆ ಹೋದ ಹಾಗೆ ಬೆರಳು ಗೆಣ್ಣಿನತನಕ ಹೋಯಿತು.

ಅವಳು ಬೆರಳನ್ನು ಹಿಂದಕ್ಕೆಳೆದುಕೊಂಡಾಗ ಕಂಬ ಅಲುಗಿತು. ಅಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದು ಆ ಮಣ್ಣೇ. ಅವಳೇ ಅದನ್ನು ತೆಗೆದಿದ್ದಳು. ಬುಡ, ನೆನೆದ ಪೆಟ್ಟಿಗೆಯ ಹಲಗೆಯನ್ನೂ ತಳ್ಳಿಕೊಂಡು, ಮೆಲ್ಲಗೆ, ಬಹಳ ಮೆಲ್ಲಗೆ, ಅವಳ ಕಡೆಗೆ ಜಾರಿತು. ಮೇಲಿನಿಂದ ಒಂದು ಹೆಂಚು ಜಾರಿ ಪಕ್ಕದ ಹುಲ್ಲಿನ ಮೇಲೆ ಬಿತ್ತು. ಯೋಚಿಸುವುದಕ್ಕೆ ಮೊದಲೇ ಅವಳು ಭುಜವನ್ನು ಕಂಬಕ್ಕೆ ಕೊಟ್ಟು, ಒಂದು ಕಾಲನ್ನು ಹಿಂದಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿ ನಿಂತುಬಿಟ್ಟಿದ್ದಳು. ಜಾರುವುದು ನಿಂತಿತು. ಕಂಬದೊಳಗಿನ ಭಾರ ಅವಳ ಭುಜಕ್ಕೆ ಇಳಿದು ಅಲ್ಲೇ ಕೂತಿತು.

ಆಗ ಗಾಳಿಗೆ ಬೆಡ್‌ಶೀಟು ಸರಿಯಿತು. ಚಪ್ಪರದ ನಡುವೆ ಪುಟ್ಟ ಮಂಚದ ಮೇಲೆ ಬೆಣ್ಣೆ ಮಲಗಿದ್ದಳು. ಪಕ್ಕದಲ್ಲಿ ಬೆತ್ತದ ಕುರ್ಚಿಯಲ್ಲಿ ಮಾವ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಮಾವಾ ಎಂದು ಕೂಗಲು ಹೋದವಳು ತುಟಿ ಕಚ್ಚಿಕೊಂಡಳು. ಮಾವನ ಕಿವಿಯಲ್ಲಿ ಮಷೀನು ಇರಲಿಲ್ಲ. ಕೂಗಿದರೆ ಏಳುವುದು ಅವರಲ್ಲ, ಮಗು. ಎದ್ದರೆ ಅಮ್ಮ ಎಲ್ಲಿದ್ದಾಳೋ ಅಲ್ಲಿಗೆ ಓಡಿಬರುವುದೊಂದೇ ಆ ಮಗುವಿಗೆ ಗೊತ್ತಿದ್ದದ್ದು. ಅಮ್ಮ ಇದ್ದದ್ದು ಹೆಂಚು ಬೀಳುವ ಜಾಗದಲ್ಲಿ.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು. ಅವಳ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಬೆವರು ಕಣ್ಣಿಗಿಳಿದು ಉರಿಯಿತು. ಒರೆಸಿಕೊಳ್ಳಲು ಕೈಯೆತ್ತಿದರೆ ಭುಜ ಸಡಿಲವಾದೀತೆಂದು ಹಾಗೇ ಬಿಟ್ಟಳು. ಕಾಲು ನಡುಗತೊಡಗಿತು, ಕಾಲಿನ ನಡುಕ ಕಂಬಕ್ಕೆ ಹತ್ತಿ, ಮೇಲೆ ಹೆಂಚುಗಳು ಒಂದಕ್ಕೊಂದು ತಾಗಿ ಕಿಟಿಕಿಟಿ ಎಂದವು. ತನ್ನ ಭಯವೇ ಅದನ್ನು ಬೀಳಿಸುತ್ತದೆ ಎಂದು ಅನ್ನಿಸಿ ಇನ್ನಷ್ಟು ಭಯವಾಯಿತು. ಉಸಿರನ್ನು ಮೂಗಿನಿಂದ ಸಣ್ಣಸಣ್ಣಗೆ ಬಿಟ್ಟಳು.

ಬಲಗೈ ಬಿಡುವಾಗಿತ್ತು. ತೆಗೆದುಹಾಕಿದ ಮಣ್ಣು ಕಾಲ ಬಳಿಯೇ ಗುಡ್ಡೆಯಾಗಿತ್ತು. ಸೊಂಟ ಬಗ್ಗಿಸದೆ ಮಂಡಿ ಮಾತ್ರ ಮಡಿಸಿ, ಬೆರಳ ತುದಿಗೆ ಸಿಕ್ಕ ಒದ್ದೆ ಹೆಂಟೆಯೊಂದನ್ನು ತೆಗೆದುಕೊಂಡು ಮಾವನ ಕಡೆ ಎಸೆದಳು. ಅದು ಅರ್ಧ ದಾರಿಯಲ್ಲೇ ಬಿತ್ತು. ಇನ್ನೊಂದು ಎಸೆದಳು. ಅದು ಮಂಚದ ಅಂಚಿಗೆ ಬಡಿದು ಒಡೆಯಿತು. ಬೆಣ್ಣೆ ಮುಲುಗಿ, ಮಗ್ಗುಲು ಬದಲಿಸಿ, ಬೆರಳು ಬಾಯಿಗಿಟ್ಟುಕೊಂಡಳು. ಅಮ್ಮನ ಕೈ ಅಲ್ಲೇ ನಿಂತಿತು. ಮತ್ತೆ ಎಸೆಯುವ ಧೈರ್ಯವೇ ಬರಲಿಲ್ಲ. ಮೇಲೆ ಇನ್ನೊಂದು ಹೆಂಚು ಸರಿದ ಸದ್ದಾಯಿತು. ಆಗ ಎಸೆದಳು. ಹೆಂಟೆ ಮಾವನ ಗಲ್ಲಕ್ಕೆ ಬಡಿದು ಅಂಗಿಯ ಮೇಲೆಲ್ಲ ಚೆಲ್ಲಿತು.

ಮಾವ ಕಣ್ಣು ಬಿಟ್ಟರು. ಮೊದಲು ಮೇಲೆ ನೋಡಿದರು, ಕಾಗೆಯೋ ಬೆಕ್ಕೋ ಎನ್ನುವ ಹಾಗೆ. ಆಮೇಲೆ ಸೊಸೆಯನ್ನು ನೋಡಿದರು. ಸೊಸೆ ಮಣ್ಣು ಮೆತ್ತಿದ ಕೈ ಎತ್ತಿ ನಿಂತಿದ್ದಳು. ಅವರು ನಕ್ಕುಬಿಟ್ಟರು. ಯಾವತ್ತೂ ಇಂಥ ಸಲಿಗೆ ತೋರದ ಹುಡುಗಿ ಆಟವಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಅಂಗಿ ಕೊಡವಿಕೊಳ್ಳುತ್ತ, ಮಷೀನಿಗಾಗಿ ಜೇಬಿಗೆ ಕೈ ಹಾಕಿದರು. ಜೇಬಿನಲ್ಲಿ ಹುಡುಕಿದರು, ಮಡಿಲಲ್ಲಿ ಹುಡುಕಿದರು. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಗದ್ದದಿಂದ ಮೇಲೆ ತೋರಿಸಿದಳು. ಸದ್ದಿಲ್ಲದೆ, ತುಟಿಯಲ್ಲಿ ಮಾತ್ರ, ಮಗು, ಮಗು ಎಂದಳು.

ಅವರ ನೋಟ ಅವಳ ಭುಜಕ್ಕೆ ಹೋಯಿತು, ಅಲ್ಲಿಂದ ಕಂಬದ ಕಪ್ಪು ಬುಡಕ್ಕೆ. ನಗು ಮುಖದಲ್ಲೇ ಉಳಿದು, ಅದರೊಳಗಿನ ಜೀವ ಹೋಯಿತು.

ಎದ್ದು ನಿಲ್ಲಲು ಅವರು ಪಕ್ಕದ ಕಂಬಕ್ಕೆ ಕೈ ಚಾಚಿ, ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. ಕುರ್ಚಿಯ ಕೈ ಹಿಡಿದು ಎದ್ದರು. ಮಂಡಿ ನೋವಿನ ಮನುಷ್ಯ; ಬಗ್ಗಿ ಮಗುವನ್ನು ಎತ್ತಿಕೊಳ್ಳುವುದರೊಳಗೆ ಅವಳಿಗೆ ಒಂದು ಯುಗ ಕಳೆದಂತಾಯಿತು. ಬೆಣ್ಣೆ ಎಚ್ಚರಗೊಂಡಳು. ಅಜ್ಜನ ಹೆಗಲ ಮೇಲಿಂದ ಅಮ್ಮನನ್ನು ಕಂಡು, ಅಮ್ಮಾ ಎಂದು ಎರಡೂ ಕೈ ಚಾಚಿ ಕೊಸರಾಡಿದಳು. ಕೊಸರಾಟಕ್ಕೆ ಮಾವ ತೂರಾಡಿದರು. ಬೀಳಲಿಲ್ಲ. ಚಪ್ಪರದಿಂದಾಚೆ ಬಿಸಿಲಿಗೆ ಹೋದರು, ಹಿಂಬಾಗಿಲಿನೊಳಗೆ ಹೋದರು. ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಬಾಗಿಲಿಗೆ ಚಿಲಕ ಹಾಕಿದ್ದು ಕೇಳಿಸಿತು. ಒಳಗಿನಿಂದ ಮಗು ಬಾಗಿಲು ಬಡಿಯುತ್ತ ಚೀರಿ ಅಳತೊಡಗಿದಳು.

ಆ ಅಳು ಕೇಳಿದಾಗ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಇನ್ನು ಬಿಟ್ಟು ಹಾರಿದರಾಯಿತು. ಆದರೆ ಕೈಕಾಲು ಕೇಳಲಿಲ್ಲ. ಕಾಲು ಕಲ್ಲಿಗೆ ಅಂಟಿತ್ತು, ಭುಜ ಕಂಬಕ್ಕೆ. ಬಿಟ್ಟ ಕೂಡಲೇ ಬೀಳುತ್ತದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಾವ ಬಂದರು, ಕೈಯಲ್ಲಿ ಏನೂ ಇರಲಿಲ್ಲ. ಆಸರೆಗೆ ಏನಾದರೂ ತರಲು ಹೋಗಿ, ಏನು ತರಬೇಕೆಂದೇ ಹೊಳೆಯದೆ ಬರಿಗೈಯಲ್ಲಿ ಬಂದಿದ್ದರು. ಅವಳಿಂದ ಸ್ವಲ್ಪ ದೂರದಲ್ಲಿ ನಿಂತು ಹೇಳಿದರು:

"ಬಿಟ್ಟು ಈಚೆ ಬಾಮ್ಮಾ."

"ಆಗ್ತಿಲ್ಲ ಮಾವ."

ಅವರಿಗೆ ಕೇಳಿಸಿರಲಿಕ್ಕಿಲ್ಲ, ಆದರೆ ಮುಖ ನೋಡಿ ಅರ್ಥವಾಯಿತು. ನೀವು ಬರಬೇಡಿ ಎಂದು ಅವಳು ಕಣ್ಣಲ್ಲೇ ಬೇಡಿಕೊಂಡಳು. ಅವರು ಬಂದರು. ಹೆಂಚಿನ ಕೆಳಗೆ ತಲೆ ತಗ್ಗಿಸಿ ಬಂದು, ಅವಳ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಜೀವಮಾನವೆಲ್ಲ ಮೊಳೆ ಕಿತ್ತ ಬಲವನ್ನೆಲ್ಲ ಸೇರಿಸಿ ಒಂದೇ ಸಲ ಎಳೆದರು.

ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ಬೆನ್ನ ಹಿಂದೆ ಮೊದಲು ಮರ ಮುರಿದ ಸದ್ದು, ಆಮೇಲೆ ಹೆಂಚುಗಳ ಸದ್ದು, ನಿಲ್ಲದೆ, ಯಾರೋ ಚೀಲದಿಂದ ಸುರಿಯುತ್ತಿದ್ದ ಹಾಗೆ. ಅವಳು ತಲೆಯನ್ನು ಕೈಯಿಂದ ಮುಚ್ಚಿಕೊಂಡು ಮುಖ ಹುಲ್ಲಿಗೆ ಒತ್ತಿದಳು. ಸದ್ದು ನಿಂತ ಮೇಲೂ ಏಳಲಿಲ್ಲ. ಕೆಂಪು ಧೂಳು ಬಾಯಿಗೆ ಬಂದಿತ್ತು.

ಕೊನೆಗೆ ತಲೆಯೆತ್ತಿ ನೋಡಿದಾಗ ಚಪ್ಪರದ ಮುಂದಿನ ಭಾಗ ನೆಲಕ್ಕೆ ಬಂದಿತ್ತು. ಬೆತ್ತದ ಕುರ್ಚಿ ಎಲ್ಲಿತ್ತೆಂದು ಗೊತ್ತಾಗುತ್ತಿರಲಿಲ್ಲ. ಮಂಚದ ನಡುವೆ ತೊಲೆ ಬಿದ್ದಿತ್ತು, ದಿಂಬು ಇದ್ದ ಕಡೆ.

ಸದ್ದು ಕೇಳಿ ನರ್ಸಮ್ಮ ಓಡಿಬಂದಳು. ಬಾಗಿಲು ತೆಗೆದು ಮಗುವನ್ನು ತಂದು ಅಮ್ಮನ ಮಡಿಲಿಗೆ ಹಾಕಿದಳು. ಮಾವನ ಮೊಣಕೈ ಸೀಳಿತ್ತು, ಸೊಸೆಯ ಭುಜ ಊದಿಕೊಂಡು ನೀಲಿಗಟ್ಟಿತ್ತು. ಪಟ್ಟಿ ಕಟ್ಟುತ್ತ ನರ್ಸಮ್ಮ ಏನೇನೋ ಕೇಳಿದಳು. ಸಂಜೆ ಬಂದ ನಾದಿನಿ ಮಂಚ ನೋಡಿ ಅಲ್ಲೇ ಕೂತು ಅತ್ತಳು. ಗಂಡ ಹೆಂಚಿನ ರಾಶಿಯನ್ನು ನೋಡಿ, ಒಳಗೆ ಬಂದು, ನಾನು ಅಲ್ಲಾಡಿಸಿ ನೋಡಿದ್ದೆನಲ್ಲ ಎಂದ. ಅವಳು ಹೌದು ಎಂದಳು. ಅಷ್ಟೇ. ಅವನು ಮಾರನೆಯ ದಿನ ರಜೆ ಹಾಕಿ ಉಳಿದ ಕಂಬಗಳನ್ನು ಕೆಡವಿದ. ಉಳಿದ ಮೂರರ ಬುಡವೂ ಹೆಚ್ಚುಕಡಿಮೆ ಹಾಗೇ ಆಗಿತ್ತು.

ಎಲ್ಲರೂ ಅಂದುಕೊಂಡದ್ದು ಇನ್ನು ಪುಕ್ಕಲಿಯನ್ನು ಹಿಡಿಯುವುದು ಕಷ್ಟ ಎಂದು. ಆದರೆ ಹಿಡಿಯಲು ಕಷ್ಟವಾದದ್ದು ಮಾವನನ್ನು.

ಅವರು ಗೋಡೆಯ ಪಕ್ಕದ ಮಂಚವನ್ನು ಕೋಣೆಯ ನಡುವೆ ಎಳೆದುಕೊಂಡರು. ಆಮೇಲೆ ಫ್ಯಾನಿನ ಕೆಳಗೆ ಬೇಡವೆಂದು ಅಲ್ಲಿಂದಲೂ ಸರಿಸಿದರು. ಬೆಣ್ಣೆ ಕಪಾಟಿನ ಹತ್ತಿರ ಹೋದರೆ ಕೂಗುತ್ತಿದ್ದರು. ಕಿವಿಯಿಂದ ಮಷೀನು ತೆಗೆಯುತ್ತಲೇ ಇರಲಿಲ್ಲ. ಮಹಡಿಯ ಬಾಡಿಗೆಯವರು ಕುರ್ಚಿ ಎಳೆದರೂ ತಲೆಯೆತ್ತಿ ಸೂರು ನೋಡುತ್ತಿದ್ದರು. ಕ್ರಮೇಣ ಒಳಗೆ ಕೂರುವುದನ್ನೇ ಬಿಟ್ಟು, ಬೀದಿ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಹಗಲೆಲ್ಲ ಅಲ್ಲೇ ಇರತೊಡಗಿದರು. ಅಪ್ಪನಿಗೂ ನಿನ್ನ ಗಾಳಿ ಬೀಸಿತು ಎಂದು ಗಂಡ ಒಮ್ಮೆ ನಗಿಸಲು ನೋಡಿದ. ಅವಳು ನಗಲಿಲ್ಲ. ಆ ಬೀದಿ ಬಾಗಿಲು ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಾಗ.

ಒಂದು ಬೆಳಿಗ್ಗೆ ಕಾಫಿ ತಂದು ಕೊಟ್ಟು ಅವಳೂ ಹೊಸ್ತಿಲ ಮೇಲೆ ಕೂತಳು. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರಸ್ತೆ ನೋಡುತ್ತ ಕೇಳಿದರು:

"ಭಯ ಆದಾಗ ನೀನೇನ್ ಮಾಡ್ತೀಯಮ್ಮಾ?"

ಇದನ್ನು ಇದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಹೆದರಬೇಡ ಎಂದವರೇ ಎಲ್ಲ. ಸ್ವಲ್ಪ ಯೋಚಿಸಿ ಹೇಳಿದಳು:

"ದೂರ ಓಡ್ತೀನಿ ಮಾವ. ಓಡೋಕೆ ಆಗ್ದೇ ಇದ್ರೆ ಹತ್ರ ಹೋಗಿ ಮುಟ್ಟಿ ನೋಡ್ತೀನಿ. ಬೇರೆ ಏನೂ ಗೊತ್ತಿಲ್ಲ ನಂಗೆ."

"ಮುಟ್ಟಿದ್ಮೇಲೆ ಹೋಗತ್ತಾ?"

"ಇಲ್ಲ. ಆದ್ರೆ ಎಷ್ಟು ಹೆದರಬೇಕು ಅಂತ ಗೊತ್ತಾಗತ್ತೆ."

ಮಾವ ಕಾಫಿ ಕುಡಿದು ಮುಗಿಸಿದರು. ಆಮೇಲೆ ಒಳಗೆ ಹೋಗಿ ತಮ್ಮ ಹಳೆಯ ಚೀಲದಿಂದ ಒಂದು ಸಣ್ಣ ಉಳಿ ತಂದರು. ಇಬ್ಬರೂ ಮುಂಬಾಗಿಲಿನಿಂದ ಶುರುಮಾಡಿದರು. ಬಾಗಿಲ ಚೌಕಟ್ಟು, ಕಿಟಕಿಗಳ ಚೌಕಟ್ಟು, ಅಟ್ಟದ ಹಲಗೆ, ಕಪಾಟಿನ ಕಾಲು. ಮಾವ ಉಳಿಯ ತುದಿಯಿಟ್ಟು ಒತ್ತುವರು, ಅವಳು ಅದೇ ಜಾಗಕ್ಕೆ ಬೆರಳಿಟ್ಟು ನೋಡುವಳು. ಪ್ರತಿಸಲ ಒತ್ತುವ ಮೊದಲು ಇಬ್ಬರ ಉಸಿರೂ ನಿಲ್ಲುತ್ತಿತ್ತು. ಮರ ಗಟ್ಟಿಯಾಗಿದ್ದರೆ ಮಾವ ಹೂಂ ಎಂದು ಮುಂದಕ್ಕೆ ಹೋಗುವರು. ಬೆಣ್ಣೆ ಅವರ ಹಿಂದೆಯೇ ತಿರುಗುತ್ತ ತಾನೂ ಗೋಡೆಗೆ ಬೆರಳು ಚುಚ್ಚಿ ಹೂಂ ಎನ್ನುತ್ತಿದ್ದಳು.

ಬಚ್ಚಲಮನೆಯ ಕಿಟಕಿಯ ಚೌಕಟ್ಟಿನಲ್ಲಿ ಮಾತ್ರ, ಕೆಳಗಿನ ಮೂಲೆಯಲ್ಲಿ, ಉಳಿ ಸ್ವಲ್ಪ ಒಳಗೆ ಹೋಯಿತು. ಮಾವ ಹಣೆಯ ಬೆವರೊರೆಸಿಕೊಂಡು, ಇದನ್ನು ಬದಲಾಯಿಸಬೇಕು, ನಾಳೆಯೇ ಎಂದರು. ಅವಳು ಸರಿ ಎಂದಳು. ಮಧ್ಯಾಹ್ನ ಊಟವಾದ ಮೇಲೆ ಅವರು ಒಳಕೋಣೆಗೆ ಹೋಗಿ ಮಂಚದ ಮೇಲೆ ಮಲಗಿದರು. ಬಾಗಿಲು ತೆರೆದೇ ಇರಲಿ ಎಂದರು. ಅವಳು ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಕುರ್ಚಿ ಅಡ್ಡ ಇಟ್ಟು, ಅವರಿಗೆ ನಿದ್ದೆ ಹತ್ತುವತನಕ ಅಲ್ಲೇ ಕೂತಿದ್ದಳು.